ಅಮ್ಮನ ಟೀ ಶರ್ಟಿನಲ್ಲಿ ಎರಡು ದೇಶ

2016ರ ಜೂನ್ 11. ಫ್ರಾನ್ಸಿನ ಲಾನ್ಸ್ ಅನ್ನೋ ಊರು. ಯೂರೋ ಕಪ್‌ನಲ್ಲಿ ಅವತ್ತು ಸ್ವಿಟ್ಜರ್ಲೆಂಡಿಗೂ ಅಲ್ಬೇನಿಯಾಕ್ಕೂ ಪಂದ್ಯ. ಗ್ಯಾಲರಿಯಲ್ಲಿ ಕೂತಿದ್ದ ಒಬ್ಬ ಹೆಂಗಸಿನ ಮೇಲೆ ಎಲ್ಲರ ಕಣ್ಣು. ಆಕೆ ಹಾಕಿಕೊಂಡಿದ್ದ ಟೀ ಶರ್ಟಿನ ಒಂದು ಅರ್ಧ ಸ್ವಿಟ್ಜರ್ಲೆಂಡಿನ ಬಾವುಟ, ಇನ್ನೊಂದು ಅರ್ಧ ಅಲ್ಬೇನಿಯಾದ ಬಾವುಟ. ಎರಡೂ ಕೆಂಪೇ. ಒಂದು ಕಡೆ ಬಿಳಿ ಶಿಲುಬೆ, ಇನ್ನೊಂದು ಕಡೆ ಎರಡು ತಲೆಯ ಕಪ್ಪು ಹದ್ದು.

ಮೈದಾನದಲ್ಲಿ ಆಕೆಯ ಇಬ್ಬರು ಮಕ್ಕಳು ಇದ್ದರು. ದೊಡ್ಡವನು ತೌಲಂತ್ ಜಾಕಾ, ಅಲ್ಬೇನಿಯಾ ಕಡೆ. ಚಿಕ್ಕವನು ಗ್ರಾನಿಟ್ ಜಾಕಾ, ಸ್ವಿಟ್ಜರ್ಲೆಂಡ್ ಕಡೆ. ಇಬ್ಬರೂ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಒಂದೇ ಮನೆ, ಒಂದೇ ಊಟ, ಒಂದೇ ಕ್ಲಬ್ಬಿನಲ್ಲಿ ಆಟ ಕಲಿತವರು. ಯೂರೋ ಕಪ್ ಇತಿಹಾಸದಲ್ಲಿ ಒಡಹುಟ್ಟಿದವರು ಎದುರಾಳಿಗಳಾಗಿ ಆಡಿದ್ದು ಅದೇ ಮೊದಲು. ಸ್ವಿಟ್ಜರ್ಲೆಂಡ್ 1–0 ಗೆದ್ದಿತು. ಅಮ್ಮ ಗೆದ್ದರೋ ಸೋತರೋ ಅಂತ ಯಾರು ಹೇಳಬೇಕು?

ಇವರ ಅಪ್ಪ ಅಮ್ಮ ಕೊಸೊವೊದ ಅಲ್ಬೇನಿಯನ್ನರು. ಆಗಿನ ಯುಗೊಸ್ಲಾವಿಯಾದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆಗೆ ಹೋದ ತಪ್ಪಿಗೆ ಅಪ್ಪ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದವರು. ಹೊರಬಂದ ಮೇಲೆ ದೇಶ ಬಿಟ್ಟರು. ಆಶ್ರಯ ಕೊಟ್ಟ ದೇಶ ಒಂದು, ಬೇರು ಇನ್ನೊಂದು ಕಡೆ. ಕೊಸೊವೊಗೆ ಅಂತ ಅಧಿಕೃತ ಟೂರ್ನಿ ಆಡುವ ಸ್ವಂತ ತಂಡ ಇರಲಿಲ್ಲ. ಫಿಫಾ ಅದಕ್ಕೆ ಸದಸ್ಯತ್ವ ಕೊಟ್ಟಿದ್ದು ಆ ಪಂದ್ಯಕ್ಕೆ ಸುಮಾರು ಒಂದು ತಿಂಗಳ ಮುಂಚೆ, 2016ರ ಮೇನಲ್ಲಿ. ಅಷ್ಟರಲ್ಲಿ ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಜೆರ್ಸಿ ತೊಟ್ಟಾಗಿತ್ತು.

ವಲಸೆ ಹೋದವರ ಮಕ್ಕಳು ಫುಟ್‌ಬಾಲ್‌ನಲ್ಲಿ ಯಾವ ದೇಶದ ಪರ ಆಡಬೇಕು? ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗಲೆಲ್ಲ ಈ ಪ್ರಶ್ನೆ ಎದ್ದು ಕೂರುತ್ತೆ. ಟೀವಿ ಮುಂದೆ ಕೂತ ನಮಗೆ ಉತ್ತರ ಸಲೀಸು. "ಹುಟ್ಟಿದ ದೇಶಕ್ಕೆ ಆಡಬೇಕಪ್ಪ" ಅಂತ ಒಬ್ಬರು, "ರಕ್ತ ಎಲ್ಲಿಯದೋ ಅಲ್ಲಿಗೆ" ಅಂತ ಇನ್ನೊಬ್ಬರು. ಆದರೆ ಆ ಹುಡುಗನಿಗೆ ಆಗ ಹದಿನೇಳೋ ಹದಿನೆಂಟೋ ವಯಸ್ಸು. ಎರಡು ದೇಶಗಳಿಂದ ಫೋನು. ಆ ವಯಸ್ಸಿನಲ್ಲಿ ನಾವು ಸಿಇಟಿ ಕೌನ್ಸೆಲಿಂಗಿನಲ್ಲಿ ಮೆಕ್ಯಾನಿಕಲ್ ತಗೊಳ್ಳೋದೋ ಎಲೆಕ್ಟ್ರಾನಿಕ್ಸ್ ತಗೊಳ್ಳೋದೋ ಅಂತ ರಾತ್ರಿಯಿಡೀ ಒದ್ದಾಡಿದವರು. ಅದನ್ನಾದರೂ ಆಮೇಲೆ ಬದಲಾಯಿಸಿಕೊಂಡು ಸಾಫ್ಟ್‌ವೇರಿಗೆ ಬಂದ್ವಿ. ಅವನಿಗೆ ಅಷ್ಟು ಸುಲಭದ ದಾರಿ ಇಲ್ಲ.

ಯಾಕೆ ಇಲ್ಲ ಅಂತ ಅರ್ಥವಾಗಬೇಕಾದರೆ ಸ್ವಲ್ಪ ನಿಯಮದ ಕತೆ ಕೇಳಬೇಕು. ಹಳೇ ಕಾಲದಲ್ಲಿ ಇದೆಲ್ಲ ಸಡಿಲವಾಗಿತ್ತು. ಹಂಗೇರಿಗೆ 85 ಪಂದ್ಯಗಳಲ್ಲಿ 84 ಗೋಲು ಹೊಡೆದ ಪುಷ್ಕಾಸ್, 1962ರ ವಿಶ್ವಕಪ್‌ನಲ್ಲಿ ಸ್ಪೇನ್ ಜೆರ್ಸಿ ಹಾಕಿಕೊಂಡು ಬಂದ. ಅರ್ಜೆಂಟೀನಾಕ್ಕೆ ಆಡಿದ್ದ ಡಿ ಸ್ಟೆಫಾನೊ ಕೂಡ ಆಮೇಲೆ ಸ್ಪೇನಿನವನಾದ. ಮುಂದೆ ಫಿಫಾ ಬಿಗಿ ಮಾಡಿತು. ಈಗ ಒಂದು ದೇಶಕ್ಕೆ ಆಡಬೇಕಾದರೆ ಅಲ್ಲಿನ ಪೌರತ್ವ ಬೇಕು. ಜೊತೆಗೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಅಲ್ಲಿ ಹುಟ್ಟಿರಬೇಕು, ಅದೂ ಇಲ್ಲದಿದ್ದರೆ ನಿಗದಿಯಷ್ಟು ವರ್ಷ ಅಲ್ಲಿ ವಾಸವಿರಬೇಕು. ಸ್ನೇಹಪಂದ್ಯ ಆಡಿದರೆ ಪರವಾಗಿಲ್ಲ, ಬದಲಾಯಿಸಬಹುದು. ಡೆಕ್ಲನ್ ರೈಸ್ 2018ರಲ್ಲಿ ಐರ್ಲೆಂಡಿಗೆ ಮೂರು ಸ್ನೇಹಪಂದ್ಯ ಆಡಿ, ಮರುವರ್ಷ ಇಂಗ್ಲೆಂಡಿಗೆ ಹೋಗಿದ್ದು ಹೀಗೆಯೇ. (2024ರ ಸೆಪ್ಟೆಂಬರಿನಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ಗೋಲು ಹೊಡೆದ ಮೇಲೆ ಆತ ಸಂಭ್ರಮಿಸಲಿಲ್ಲ. ಐರಿಷ್ ಪ್ರೇಕ್ಷಕರು ಅದಕ್ಕೂ ಮುಂಚೆ ಅವನನ್ನು ಚೆನ್ನಾಗಿಯೇ ಮೂದಲಿಸಿದ್ದರು.)

ಆದರೆ ಅಧಿಕೃತ ಟೂರ್ನಿಯ ಪಂದ್ಯಕ್ಕೆ ಕಾಲಿಟ್ಟರೆ ಮುಗೀತು. ಬಹಳ ವರ್ಷ ನಿಯಮ ಹೀಗೇ ಇತ್ತು. ಇದರ ಬಿಸಿ ತಟ್ಟಿದ್ದು ಮುನೀರ್ ಅಲ್ ಹದ್ದಾದಿ ಅನ್ನೋ ಹುಡುಗನಿಗೆ. ಸ್ಪೇನಿನಲ್ಲಿ ಹುಟ್ಟಿದವನು, ಮನೆಯವರು ಮೊರಾಕೊ ಮೂಲದವರು. ಬಾರ್ಸಿಲೋನಾದಲ್ಲಿ ಆಗ ತಾನೇ ಹೆಸರು ಮಾಡುತ್ತಿದ್ದ. 2014ರ ಸೆಪ್ಟೆಂಬರಿನಲ್ಲಿ, ಇನ್ನೂ 19 ವರ್ಷದವನಿದ್ದಾಗ, ಮೆಸಿಡೋನಿಯಾ ವಿರುದ್ಧದ ಪಂದ್ಯದ ಕೊನೆಯಲ್ಲಿ ಸ್ಪೇನ್ ಅವನನ್ನು ಇಳಿಸಿತು. ಆಡಿದ್ದು ಬರೀ 13 ನಿಮಿಷ. ಆಮೇಲೆ ಸ್ಪೇನ್ ಅವನನ್ನು ಕರೆಯಲೇ ಇಲ್ಲ. ಮೊರಾಕೊ ಕರೆಯಿತು, ಇವನು ಹೋಗುವ ಹಾಗಿಲ್ಲ. 2018ರ ವಿಶ್ವಕಪ್ಪಿಗೆ ಮುಂಚೆ ಕ್ರೀಡಾ ನ್ಯಾಯಾಲಯದ ತನಕ ಹೋದ, ಅಲ್ಲೂ ಆಗಲ್ಲ ಅಂದರು. 13 ನಿಮಿಷಕ್ಕೆ ಜೀವನಪೂರ್ತಿ ಬಾಂಡು!

ಕೊನೆಗೆ 2020ರಲ್ಲಿ ಫಿಫಾ ಬಾಗಿಲನ್ನು ಸ್ವಲ್ಪ ತೆರೆಯಿತು. 21 ವರ್ಷ ತುಂಬುವ ಮುಂಚೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು, ಆ ದೇಶಕ್ಕೆ ಕೊನೆಯ ಸಲ ಆಡಿ ಮೂರು ವರ್ಷ ಕಳೆದಿರಬೇಕು, ವಿಶ್ವಕಪ್ಪಿನ ಅಥವಾ ಖಂಡದ ಕಪ್ಪಿನ ಮುಖ್ಯ ಸುತ್ತಿನಲ್ಲಿ ಆಡಿರಬಾರದು. ಹಾಗಿದ್ದರೆ ಒಂದು ಸಲ ಬದಲಾಯಿಸಬಹುದು. ಮುನೀರ್ 2021ರಲ್ಲಿ ಮೊರಾಕೊ ಪರ ಆಡಿದ. ಆ 13 ನಿಮಿಷದಿಂದ ಇಲ್ಲಿಗೆ ಆರು ವರ್ಷಕ್ಕೂ ಹೆಚ್ಚು ಕಾಲ. ಫುಟ್‌ಬಾಲ್ ಆಟಗಾರನ ಆಯಸ್ಸಿನಲ್ಲಿ ಅದು ಅರ್ಧ ಜನ್ಮ.

ನಿಯಮದ ಮಾತು ಸಾಕು. ಎಲ್ಲಕ್ಕಿಂತ ದೊಡ್ಡ ಆಯ್ಕೆ ಮಾಡಿದವನು ಈ ನಿಯಮಗಳೆಲ್ಲ ಬರುವ ಮುಂಚಿನವನು. ಅವನ ಹೆಸರು ರಶೀದ್ ಮೆಖ್ಲೂಫಿ.

ಅಲ್ಜೀರಿಯಾದ ಸೆತಿಫ್ ಊರಿನವನು. 1945ರ ಮೇ ತಿಂಗಳಲ್ಲಿ ಫ್ರೆಂಚರು ಆ ಸೀಮೆಯಲ್ಲಿ ನಡೆಸಿದ ಹತ್ಯಾಕಾಂಡದ ಹೊತ್ತಿಗೆ ಎಂಟು ವರ್ಷದ ಹುಡುಗ. ಬೆಳೆದು ಫ್ರಾನ್ಸಿನ ಸೇಂತ್ ಎತಿಯೆನ್ ಕ್ಲಬ್ಬಿನ ತಾರೆಯಾದ, ಫ್ರಾನ್ಸ್ ತಂಡಕ್ಕೂ ಆಡಿದ. 1958ರ ವಿಶ್ವಕಪ್ ಹತ್ತಿರವಿತ್ತು, ಹೋಗುವ ಎಲ್ಲ ಲಕ್ಷಣ ಇತ್ತು. ಆ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಫ್ರೆಂಚ್ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಹತ್ತಾರು ಅಲ್ಜೀರಿಯನ್ ಆಟಗಾರರು ಸದ್ದಿಲ್ಲದೆ ಗಡಿ ದಾಟಿ ಟ್ಯುನಿಸ್ ಸೇರಿಕೊಂಡರು. ಅವರಲ್ಲಿ ಮೆಖ್ಲೂಫಿಯೂ ಒಬ್ಬ. ಆಗ ಅವನು ಫ್ರೆಂಚ್ ಸೇನೆಯಲ್ಲಿ ಕಡ್ಡಾಯ ಸೇವೆಯಲ್ಲಿದ್ದ. ಅಂದರೆ ಕಾನೂನಿನ ಕಣ್ಣಲ್ಲಿ ಸೇನೆ ಬಿಟ್ಟು ಓಡಿಹೋದವನು. ಸಿಕ್ಕಿಬಿದ್ದರೆ ಜೈಲು.

ಅಲ್ಜೀರಿಯಾ ಅನ್ನೋ ದೇಶ ಆಗ ಇರಲೇ ಇಲ್ಲ ನೋಡಿ. ಸ್ವಾತಂತ್ರ್ಯ ಬಂದಿದ್ದು 1962ರಲ್ಲಿ. ಇಲ್ಲದ ದೇಶಕ್ಕೆ ಒಂದು ತಂಡ ಕಟ್ಟಿ, ಫಿಫಾ ಒಪ್ಪದಿದ್ದರೂ, ಪೂರ್ವ ಯುರೋಪು, ಚೀನಾ, ವಿಯೆಟ್ನಾಂ ಅಂತ ನಾಲ್ಕು ವರ್ಷ ಊರೂರು ಸುತ್ತಿ ಆಡಿದರು. ಅತ್ತ ಸ್ವೀಡನ್ನಿನ ವಿಶ್ವಕಪ್‌ನಲ್ಲಿ ಫ್ರಾನ್ಸ್ ಮೂರನೇ ಸ್ಥಾನ ಪಡೆಯಿತು, ಜುಸ್ತ್ ಫೊಂತೇನ್ ಒಬ್ಬನೇ 13 ಗೋಲು ಹೊಡೆದ. ಆ ದಾಖಲೆಯನ್ನು ಇವತ್ತಿಗೂ ಮುರಿದಿಲ್ಲ. ತಮಾಷೆ ಅಂದರೆ ಫೊಂತೇನ್ ಹುಟ್ಟಿದ್ದು ಮೊರಾಕೊದ ಮರಾಕೇಶ್‌ನಲ್ಲಿ.

ಯುದ್ಧ ಮುಗಿದ ಮೇಲೆ ಮೆಖ್ಲೂಫಿ ಮತ್ತೆ ಸೇಂತ್ ಎತಿಯೆನ್‌ಗೇ ಬಂದ. ಮಗನನ್ನೋ ಅಣ್ಣನನ್ನೋ ಅಲ್ಜೀರಿಯಾದ ಯುದ್ಧದಲ್ಲಿ ಕಳೆದುಕೊಂಡವರು ಆ ಗ್ಯಾಲರಿಯಲ್ಲಿ ಇದ್ದಿರಲೇಬೇಕು. ಮೊದಲ ದಿನ ಮೈದಾನಕ್ಕೆ ಇಳಿದಾಗ ಜನ ಸ್ತಬ್ಧರಾಗಿದ್ದರಂತೆ. ಚೆಂಡು ಅವನ ಕಾಲಿಗೆ ಬಂತು, ಆಡಿದ, ಚಪ್ಪಾಳೆ ಶುರುವಾಯಿತು. 1968ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಸೇಂತ್ ಎತಿಯೆನ್ 2–1 ಗೆದ್ದಾಗ ಎರಡೂ ಗೋಲು ಅವನದೇ.

ಎಲ್ಲರಿಗೂ ಅಂಥ ಚಪ್ಪಾಳೆ ಸಿಗೋದಿಲ್ಲ. ಮೆಸುಟ್ ಓಜಿಲ್‌ನನ್ನು ಕೇಳಿ.

ಓಜಿಲ್ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿದವನು, ಟರ್ಕಿಯಿಂದ ಬಂದ ಕುಟುಂಬದ ಮೂರನೇ ತಲೆಮಾರು. ಜರ್ಮನ್ ಪೌರತ್ವಕ್ಕಾಗಿ ಟರ್ಕಿಯ ಪೌರತ್ವ ಬಿಟ್ಟುಕೊಟ್ಟ. 2010ರ ಅಕ್ಟೋಬರ್ 8ರಂದು ಬರ್ಲಿನ್‌ನ ಒಲಿಂಪಿಯಾ ಕ್ರೀಡಾಂಗಣದಲ್ಲಿ ಜರ್ಮನಿ ಟರ್ಕಿ ಮುಖಾಮುಖಿ. ಅವನ ಸ್ವಂತ ದೇಶದ ರಾಜಧಾನಿ, ಆದರೆ ಗ್ಯಾಲರಿಯಲ್ಲಿ ಟರ್ಕಿಯ ಬಾವುಟಗಳ ಸಮುದ್ರ. ಓಜಿಲ್ ಕಾಲಿಗೆ ಚೆಂಡು ಬಂದಾಗಲೆಲ್ಲ ಸೀಟಿ, ಛೀಮಾರಿ. ಜರ್ಮನಿ 3–0 ಗೆದ್ದಿತು, ಒಂದು ಗೋಲು ಅವನದು. ಹೊಡೆದವನು ಕೈಯೂ ಎತ್ತಲಿಲ್ಲ. ಪಂದ್ಯ ಮುಗಿದ ಮೇಲೆ ಚಾನ್ಸಲರ್ ಆಂಗೆಲಾ ಮರ್ಕೆಲ್ ಡ್ರೆಸ್ಸಿಂಗ್ ರೂಮಿಗೇ ಬಂದು ಅವನ ಕೈ ಕುಲುಕಿದರು. ಆ ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು. ಹೊಸ ಜರ್ಮನಿ ಅಂದರೆ ಇದೇ ಅಂತ ಎಲ್ಲರೂ ಬೀಗಿದರು. ನಾಲ್ಕು ವರ್ಷಕ್ಕೆ ಜರ್ಮನಿ ವಿಶ್ವಕಪ್ ಗೆದ್ದಾಗ ಓಜಿಲ್ ತಂಡದಲ್ಲಿದ್ದ.

ಇನ್ನೊಂದು ಫೋಟೊ 2018ರ ಮೇ ತಿಂಗಳದ್ದು. ಲಂಡನ್‌ನಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಜೊತೆ ಓಜಿಲ್. ಅಲ್ಲಿ ಚುನಾವಣೆಗೆ ತಿಂಗಳೊಪ್ಪತ್ತು ಬಾಕಿ. ಜರ್ಮನಿಯಲ್ಲಿ ಗುಲ್ಲೆದ್ದಿತು. ಮುಂದಿನ ತಿಂಗಳು ವಿಶ್ವಕಪ್‌ನಲ್ಲಿ ಜರ್ಮನಿ ಮೊದಲ ಸುತ್ತಿನಲ್ಲೇ ಮನೆಗೆ. ಸೋತಿದ್ದು ಇಡೀ ತಂಡ, ಬೆರಳು ತೋರಿಸಿದ್ದು ಒಬ್ಬನ ಕಡೆ. ಜುಲೈ 22ರಂದು ಓಜಿಲ್ ರಾಜೀನಾಮೆ ಕೊಟ್ಟ. ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಅನ್ನೋದು ಅವನ ಮಾತಿನ ಸಾರ. ಬೆಲ್ಜಿಯಂನ ರೊಮೆಲು ಲುಕಾಕು ಕೂಡ ಅದೇ ವರ್ಷ ಹೆಚ್ಚುಕಡಿಮೆ ಇದನ್ನೇ ಬರೆದಿದ್ದ: ಚೆನ್ನಾಗಿ ಆಡಿದರೆ ಪತ್ರಿಕೆಗಳಿಗೆ ಅವನು ಬೆಲ್ಜಿಯಂ ಆಟಗಾರ, ಆಡದಿದ್ದರೆ ಕಾಂಗೊ ಮೂಲದ ಬೆಲ್ಜಿಯಂ ಆಟಗಾರ.

ನನ್ನ ಅಭಿಪ್ರಾಯ ಕೇಳಿದರೆ, ಆ ಫೋಟೊವನ್ನು ಟೀಕಿಸಿದ್ದು ತಪ್ಪಲ್ಲ. ಚುನಾವಣೆ ಹೊತ್ತಲ್ಲಿ ರಾಜಕಾರಣಿಯ ಪಕ್ಕ ನಿಂತರೆ ಜನ ಕೇಳಿಯೇ ಕೇಳ್ತಾರೆ. ಮರುವರ್ಷ ಎರ್ಡೊಗಾನ್ ಅವನ ಮದುವೆಗೂ ಬಂದರು, ಈಚೆಗೆ ಓಜಿಲ್ ಅವರ ಪಕ್ಷದ ಸಮಿತಿಯಲ್ಲೂ ಇದ್ದಾನೆ. ಅವನೇನು ಹಸುಗೂಸಲ್ಲ. ಆದರೆ ಟೀಕೆ ಫೋಟೊದ ಹತ್ತಿರ ನಿಲ್ಲಲಿಲ್ಲ. "ನೀನು ನಿಜವಾಗಲೂ ನಮ್ಮವನೇನಾ?" ಅನ್ನೋ ತನಕ ಹೋಯಿತು. 92 ಪಂದ್ಯ ಆಡಿದ ಮೇಲೂ ಅದೇ ಪ್ರಶ್ನೆ. ನಾವು ಈ ಹುಡುಗರನ್ನು ಕುರಿತು "ಯಾವ ದೇಶವನ್ನು ಆರಿಸಿಕೊಂಡ" ಅಂತ ಬರೀತೀವಿ. ದೇಶವೂ ಅವನನ್ನು ಆರಿಸಿಕೊಳ್ಳಬೇಕು, ಆರಿಸಿಕೊಂಡ ಮೇಲೂ ಪ್ರತಿ ಪಂದ್ಯಕ್ಕೆ ಆ ಮಾತನ್ನು ವಾಪಸ್ ತಗೊಳ್ಳಬಹುದು ಅನ್ನೋದನ್ನು ಬರೆಯೋದು ಕಡಿಮೆ.

ಆರಿಸಿಕೊಂಡ ಮೇಲೆ ಹಳೆಯದು ಮರೆತುಹೋಗುತ್ತೆ ಅನ್ನೋದೂ ಸುಳ್ಳು. ಅದೇ 2018ರ ವಿಶ್ವಕಪ್‌ನಲ್ಲಿ ಕಲಿನಿನ್‌ಗ್ರಾದ್‌ನಲ್ಲಿ ಸ್ವಿಟ್ಜರ್ಲೆಂಡ್ ಸರ್ಬಿಯಾವನ್ನು 2–1 ಸೋಲಿಸಿತು. ಗೋಲು ಹೊಡೆದವರು ನಮ್ಮ ಗ್ರಾನಿಟ್ ಜಾಕಾ ಮತ್ತು ಕೊಸೊವೊದಲ್ಲೇ ಹುಟ್ಟಿದ ಶಾಕಿರಿ. ಇಬ್ಬರೂ ಎರಡು ಕೈ ಅಡ್ಡ ಹಿಡಿದು ಬೆರಳು ಬಿಡಿಸಿ ಅಲ್ಬೇನಿಯಾದ ಹದ್ದನ್ನು ತೋರಿಸಿದರು. ಮೈ ಮೇಲೆ ಸ್ವಿಸ್ ಜೆರ್ಸಿ, ಕೈಯಲ್ಲಿ ಅಮ್ಮನ ಟೀ ಶರ್ಟಿನ ಇನ್ನರ್ಧ. ಫಿಫಾ ಇಬ್ಬರಿಗೂ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಹದ್ದು ತೋರಿಸಿದ ಇನ್ನೊಬ್ಬನಿಗೂ 5,000 ದಂಡ ಬಿತ್ತು. ಅವನು ಕ್ಯಾಪ್ಟನ್ ಲಿಚ್‌ಸ್ಟೈನರ್, ಅಲ್ಬೇನಿಯಾದ ನಂಟೇ ಇಲ್ಲದ ಸ್ವಿಸ್. ಜೊತೆಗಾರರಿಗೋಸ್ಕರ ಮಾಡಿದ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದವನು ಆತನೇ.

ಇನ್ನು ಮೊರಾಕೊ. 2022ರ ಕತಾರ್ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ. ಆ ತಂಡದ 26 ಜನರಲ್ಲಿ 14 ಮಂದಿ ಮೊರಾಕೊದ ಹೊರಗೆ ಹುಟ್ಟಿದವರು. ಕೋಚ್ ವಾಲಿದ್ ರೆಗ್ರಾಗಿ ಕೂಡ ಫ್ರಾನ್ಸಿನಲ್ಲಿ ಹುಟ್ಟಿದವರೇ. ಹಕೀಂ ಜಿಯೆಶ್ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಬೆಳೆದವನು. ಅವನು ಮೊರಾಕೊ ಕಡೆ ಹೋದಾಗ ಡಚ್ ದಿಗ್ಗಜ ಮಾರ್ಕೊ ವಾನ್ ಬಾಸ್ಟೆನ್ ದಡ್ಡತನ ಅಂತ ಜರೆದಿದ್ದರು. ಕತಾರ್‌ನಲ್ಲಿ ನೆದರ್ಲೆಂಡ್ಸ್ ಕ್ವಾರ್ಟರ್ ಫೈನಲ್‌ಗೇ ಮುಗಿಯಿತು, ಜಿಯೆಶ್ ಇನ್ನೂ ಆಡುತ್ತಿದ್ದ.

ಅಶ್ರಫ್ ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಅಮ್ಮ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದರು, ಅಪ್ಪ ಬೀದಿಯಲ್ಲಿ ವ್ಯಾಪಾರ. ರಿಯಲ್ ಮ್ಯಾಡ್ರಿಡ್‌ನಲ್ಲಿ ಆಟ ಕಲಿತವನಿಗೆ ಸ್ಪೇನ್ ತಂಡದ ಬಾಗಿಲು ತೆರೆದಿತ್ತು. ಅಲ್ಲಿನ ಕ್ಯಾಂಪಿಗೆ ಹೋಗಿಯೂ ನೋಡಿದ್ದ. ಯಾರೂ ಏನೂ ಅನ್ನಲಿಲ್ಲ, ಆದರೂ ಮನೆಯಲ್ಲಿ ಕಂಡು ಬೆಳೆದದ್ದು ಅಲ್ಲಿರಲಿಲ್ಲ, ಅದು ನನ್ನ ಜಾಗ ಅನ್ನಿಸಲಿಲ್ಲ ಅಂತ ಆಮೇಲೆ ಹೇಳಿಕೊಂಡಿದ್ದಾನೆ. ಡಿಸೆಂಬರ್ 6ರಂದು ಮೊರಾಕೊ ಸ್ಪೇನ್ ಎದುರಾದವು. ಗೋಲಿಲ್ಲ, ಪೆನಾಲ್ಟಿ ಶೂಟೌಟ್. ಸ್ಪೇನ್ ಮೂರೂ ಹೊಡೆತ ಕೈಚೆಲ್ಲಿತು. ಗೆಲುವಿನ ಹೊಡೆತಕ್ಕೆ ಬಂದವನು ಹಕೀಮಿ. ಗೋಲ್‌ಕೀಪರ್ ಪಕ್ಕಕ್ಕೆ ಹಾರಿದ, ಇವನು ಚೆಂಡನ್ನು ನಿಧಾನಕ್ಕೆ, ಮಗುವಿಗೆ ಎಸೆದ ಹಾಗೆ, ನಡುವಿಗೆ ತೇಲಿಬಿಟ್ಟ.

ಇದೆಲ್ಲ ಬರೀ ತಾಯ್ನಾಡಿನ ಸೆಳೆತ ಅಂದುಕೊಳ್ಳಬೇಡಿ. ಮೊರಾಕೊದ ಫುಟ್‌ಬಾಲ್ ಸಂಸ್ಥೆ ಯುರೋಪಿನಲ್ಲಿ ಇಂಥ ಹುಡುಗರನ್ನು ಚಿಕ್ಕ ವಯಸ್ಸಿನಿಂದಲೇ ಹುಡುಕುತ್ತೆ, ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಮಾತಾಡುತ್ತೆ. ಆಟಗಾರರೂ ಲೆಕ್ಕ ಹಾಕ್ತಾರೆ. ಫ್ರಾನ್ಸ್ ತಂಡದಲ್ಲಿ ಬೆಂಚು ಕಾಯೋದಾ, ಇಲ್ಲಿ ಮೊದಲ ಹನ್ನೊಂದರಲ್ಲಿ ಆಡೋದಾ? ಇದನ್ನು ಸ್ವಾರ್ಥ ಅಂತ ಮೂಗು ಮುರಿಯುವವರಿದ್ದಾರೆ. ಕಂಪನಿ ಬದಲಾಯಿಸುವಾಗ ನಾವು ಸಂಬಳ, ಮ್ಯಾನೇಜರ್, ಮನೆಗೆ ಎಷ್ಟು ದೂರ ಅಂತೆಲ್ಲ ಒಟ್ಟಿಗೆ ತೂಗುತ್ತೇವಲ್ಲ, ಹಾಗೇ. ಪ್ರೀತಿಯೂ ಲೆಕ್ಕಾಚಾರವೂ ಒಂದೇ ತಲೆಯಲ್ಲಿ ಇರಬಾರದು ಅಂತೇನಿಲ್ಲ.

ನಮ್ಮ ಕಡೆ ಈ ಪ್ರಶ್ನೆಯೇ ಬೇರೆ ಥರ. 2023ರ ನವೆಂಬರ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡಿನ ರಚಿನ್ ರವೀಂದ್ರ ಪಾಕಿಸ್ತಾನದ ವಿರುದ್ಧ 108 ರನ್ ಹೊಡೆದಾಗ ಇಡೀ ಗ್ಯಾಲರಿ "ರಚಿನ್, ರಚಿನ್" ಅಂತ ಕೂಗಿತು. ಹುಟ್ಟಿದ್ದು ವೆಲ್ಲಿಂಗ್ಟನ್, ಅಪ್ಪ ಅಮ್ಮ ಬೆಂಗಳೂರಿನವರು. ಮರುವರ್ಷ ಅದೇ ಮೈದಾನದ ಟೆಸ್ಟ್‌ನಲ್ಲಿ ಭಾರತ 46ಕ್ಕೆ ಆಲೌಟ್ ಆಯಿತು, ರಚಿನ್ 134 ಹೊಡೆದ. ಆಗಲೂ ಅವನು ನಮ್ಮ ಹುಡುಗನೇ. ಅಲಬಾಮಾದಲ್ಲಿ ಹುಟ್ಟಿ, ಕರ್ನಾಟಕದಲ್ಲಿ ಬೆಳೆದು, ಬೆಂಗಳೂರಿನಲ್ಲಿ ಲೀಗ್ ಆಡಿ, ಮತ್ತೆ ಅಮೆರಿಕಕ್ಕೆ ಹೋದ ನೊಸ್ತುಶ್ ಕೆಂಜಿಗೆ 2024ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತಾಗಲೂ ನಮ್ಮ ಫೋನುಗಳಲ್ಲಿ ಕನ್ನಡಿಗ ಕನ್ನಡಿಗ ಅಂತ ಮೆಸೇಜುಗಳು ಹರಿದಾಡಿದವು. ಹೊರಗೆ ಹೋಗಿ ಗೆದ್ದವರನ್ನು ನಮ್ಮವರು ಅನ್ನೋಕೆ ನಮಗೆ ಏನೂ ಖರ್ಚಿಲ್ಲ. ಅವರನ್ನು ಯಾರೂ ದ್ರೋಹಿ ಅನ್ನಲಿಲ್ಲ, ಅದು ಒಳ್ಳೆಯದೇ. ಆದರೆ ನಾವು ಅವರನ್ನು ಕಳೆದುಕೊಂಡದ್ದರಿಂದ ನಮಗೇನೂ ನಷ್ಟವಾಗಿಲ್ಲ ಅನ್ನೋದೂ ಅದಕ್ಕೆ ಕಾರಣ ಇರಬಹುದು. ಕ್ರಿಕೆಟ್‌ನಲ್ಲಿ ನಮ್ಮ ಬಳಿ ಇನ್ನೂ ಹತ್ತು ತಂಡಕ್ಕೆ ಆಗುವಷ್ಟು ಜನ ಇದ್ದಾರೆ.

ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಭಾರತೀಯ ವಂಶದ ವಿಕಾಶ್ ಧೊರಾಸೂ 2006ರಲ್ಲಿ ಫ್ರಾನ್ಸಿನ ವಿಶ್ವಕಪ್ ತಂಡದಲ್ಲಿದ್ದ. ಬಯರ್ನ್ ಮ್ಯೂನಿಕ್‌ಗೆ ಆಡಿದ ಸರ್ಪ್ರೀತ್ ಸಿಂಗ್ ನ್ಯೂಜಿಲೆಂಡಿನವನು. ಇಂಥವರು ಬರ್ತೀವಿ ಅಂದರೂ ಭಾರತಕ್ಕೆ ಆಡುವ ಹಾಗಿಲ್ಲ, ಯಾಕೆಂದರೆ ನಮ್ಮಲ್ಲಿ ದ್ವಿಪೌರತ್ವ ಇಲ್ಲ. ಓಸಿಐ ಕಾರ್ಡ್ ಇದ್ದರೆ ಸಾಲದು, ಭಾರತದ ಪಾಸ್‌ಪೋರ್ಟೇ ಬೇಕು ಅಂತ 2008ರಿಂದ ಸರ್ಕಾರದ ನಿಲುವು. ಹಿಂದಿನ ಕೋಚ್ ಇಗೋರ್ ಸ್ಟಿಮಾಚ್ ಇದನ್ನು ಸಡಿಲಿಸಿ ಅಂತ ಹೇಳಿ ಹೇಳಿ ಸುಸ್ತಾದರು. ನಿಯಮದ ಪರ ಇರುವವರ ಮಾತಲ್ಲೂ ಹುರುಳಿದೆ. ಮಣಿಪುರದಲ್ಲೋ ಮಿಜೋರಾಮಿನಲ್ಲೋ ಕೆಸರು ಮೈದಾನದಲ್ಲಿ ಬೆಳೆದ ಹುಡುಗನ ಜಾಗ ಹೋಗುತ್ತಲ್ಲ? ಆದರೂ ಒಬ್ಬನ ಮನಸ್ಸು ಎಲ್ಲಿದೆ ಅಂತ ಪಾಸ್‌ಪೋರ್ಟಿನ ಬಣ್ಣ ನೋಡಿ ಅಳೆಯೋದು ನನಗೆ ಸರಿ ಕಾಣೋದಿಲ್ಲ.

ಹೀಗಾಗಿ ಭಾರತಕ್ಕೆ ಆಡಬೇಕು ಅನ್ನುವವನು ಇನ್ನೊಂದನ್ನು ಪೂರ್ತಿ ಬಿಡಬೇಕು. ಜಪಾನಿನಲ್ಲಿ ಹುಟ್ಟಿದ, ಗುಜರಾತಿ ಅಪ್ಪ, ಜಪಾನಿ ಅಮ್ಮನ ಮಗ ಅರಾಟಾ ಇಜುಮಿ ಹಾಗೆ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದ. ಈಚೆಗೆ ಬಿಟ್ಟವನು ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದವನು, ಅಮ್ಮ ಮುಂಬೈಯ ಆಂಗ್ಲೋ ಇಂಡಿಯನ್ ಮನೆತನದವರು. ಅಮ್ಮನ ಅಪ್ಪ 1956ರ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. ರಯಾನ್‌ನ ಅಣ್ಣ ರೀಸ್ ಆಸ್ಟ್ರೇಲಿಯಾ ತಂಡದಲ್ಲಿ ಆಡಿದ್ದಾನೆ. ರಯಾನ್ ಕೂಡ 2019ರಲ್ಲಿ ಒಂದು ಸ್ನೇಹಪಂದ್ಯ ಆಡಿದ್ದ. 2023ರಲ್ಲಿ ಬೆಂಗಳೂರಿಗೆ ಬಂದವನು ಎರಡು ವರ್ಷಕ್ಕೆ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ್ದು ತಗೊಂಡ. ಹೊಸ ಪಾಸ್‌ಪೋರ್ಟನ್ನು ಅವನ ಕೈಗೆ ಕೊಟ್ಟಿದ್ದು ಸುನಿಲ್ ಛೆತ್ರಿ. ನಮ್ಮಲ್ಲಿ ಅರ್ಧ ಜನ ಆಸ್ಟ್ರೇಲಿಯಾ ಪಿಆರ್‌ಗೆ ಅರ್ಜಿ ಹಾಕಿ ಪಾಯಿಂಟ್ಸ್ ಎಣಿಸುತ್ತಿರುವಾಗ, ಆ ದೇಶದ ಪಾಸ್‌ಪೋರ್ಟನ್ನೇ ಬಿಟ್ಟು ಬಂದವನನ್ನು ಕಂಠೀರವದ ಗ್ಯಾಲರಿಯಲ್ಲಿ ಕೂತು ನೋಡೋದು ವಿಚಿತ್ರ ಅನ್ನಿಸಲ್ವಾ?

ಅಣ್ಣ ತಮ್ಮಂದಿರ ವಿಷಯ ಬಂತು, ಇನ್ನೊಂದು ಜೋಡಿಯ ಕತೆ ಹೇಳದೆ ಮುಗಿಸೋಕೆ ಮನಸ್ಸಿಲ್ಲ.

ಘಾನಾದ ಗಂಡ ಹೆಂಡತಿ ಯುರೋಪ್ ತಲುಪಬೇಕು ಅಂತ ಹೊರಟು, ಸಹಾರಾ ಮರುಭೂಮಿಯನ್ನು ಒಂದಿಷ್ಟು ದೂರ ಬರಿಗಾಲಿನಲ್ಲೇ ದಾಟಿದರು. ಕಾದ ಮರಳಿಗೆ ಗಂಡನ ಪಾದಗಳು ಸುಟ್ಟುಹೋದವು, ಆ ನೋವು ಇವತ್ತಿಗೂ ಇದೆ. ಹೆಂಡತಿಯ ಹೊಟ್ಟೆಯಲ್ಲಿ ಮಗು. ಆಫ್ರಿಕಾದ ನೆಲದಲ್ಲೇ ಇರುವ ಸ್ಪೇನಿನ ಮೆಲಿಯಾ ಊರಿನ ಬೇಲಿ ಹತ್ತಿ ಒಳಗೆ ಬಿದ್ದರು, ಪೊಲೀಸರು ಹಿಡಿದರು. ಯುದ್ಧ ನಡೆಯುತ್ತಿದ್ದ ಲೈಬೀರಿಯಾದವರು ಅಂತ ಹೇಳಿ, ಆಶ್ರಯ ಸಿಗುತ್ತೆ ಅಂತ ಒಬ್ಬ ವಕೀಲರು ಕಿವಿಯಲ್ಲಿ ಹೇಳಿದರು. ಹಾಗೆ ಬಿಲ್ಬಾವೊ ಸೇರಿದರು. ಅಲ್ಲಿ ಸಹಾಯಕ್ಕೆ ನಿಂತ ಪಾದ್ರಿಯ ಹೆಸರು ಇನ್ಯಾಕಿ. 1994ರಲ್ಲಿ ಹುಟ್ಟಿದ ಮಗುವಿಗೂ ಅದೇ ಹೆಸರಿಟ್ಟರು, ಇನ್ಯಾಕಿ ವಿಲಿಯಮ್ಸ್. ಎಂಟು ವರ್ಷಕ್ಕೆ ನಿಕೋ ಹುಟ್ಟಿದ. ಅಪ್ಪ ದುಡಿಯೋಕೆ ಲಂಡನ್ನಿಗೆ ಹೋದರು, ವರ್ಷಗಟ್ಟಲೆ ಬರಲಿಲ್ಲ. ತಮ್ಮನನ್ನು ಸ್ಕೂಲಿಗೆ ಬಿಡೋದು, ಊಟ ಮಾಡಿಸೋದು ಎಲ್ಲ ಅಣ್ಣನೇ. ಮರುಭೂಮಿಯ ಕತೆ ಇನ್ಯಾಕಿಗೆ ಗೊತ್ತಿರಲಿಲ್ಲ, ದೊಡ್ಡವನಾದ ಮೇಲೆ ಅಮ್ಮ ಹೇಳಿದರು.

ಇನ್ಯಾಕಿ 2016ರಲ್ಲಿ ಸ್ಪೇನ್ ಪರ ಒಂದು ಸ್ನೇಹಪಂದ್ಯ ಆಡಿದ್ದ. ಆಮೇಲೆ ಘಾನಾ ಕರೆದಾಗ ಬೇಡ ಅಂದಿದ್ದ. ನಾನು ಅಲ್ಲಿ ಹುಟ್ಟಲಿಲ್ಲ, ಬೆಳೆಯಲಿಲ್ಲ, ಘಾನಾವನ್ನು ನೂರಕ್ಕೆ ನೂರು ಮನಸ್ಸಿನಲ್ಲಿಟ್ಟುಕೊಂಡವನ ಜಾಗ ಕಿತ್ತುಕೊಳ್ಳೋದು ಸರಿಯಲ್ಲ ಅನ್ನೋದು ಅವನ ಕಾರಣವಾಗಿತ್ತು. ಇಡೀ ಈ ಚರ್ಚೆಯಲ್ಲಿ ನಾನು ಓದಿದ ಅತ್ಯಂತ ಮರ್ಯಾದಸ್ಥ ಮಾತು ಅದು. ಆದರೆ 2022ರಲ್ಲಿ ಅದೇ ಇನ್ಯಾಕಿ ಮನಸ್ಸು ಬದಲಾಯಿಸಿ ಘಾನಾ ಜೆರ್ಸಿ ತೊಟ್ಟ. ವಿಶ್ವಕಪ್ ಆಡೋ ಆಸೆಗೆ ಅಂತ ಆಡಿಕೊಂಡವರು ಇದ್ದರು. ಇದ್ದಿರಬಹುದು. 28 ವರ್ಷದ ಸ್ಟ್ರೈಕರ್‌ಗೆ ವಿಶ್ವಕಪ್ ಆಸೆ ಇರಬಾರದಾ? ಅಮ್ಮ ನಡೆದು ಬಂದ ದಾರಿಯನ್ನು ತಾನು ವಿಮಾನದಲ್ಲಿ ವಾಪಸ್ ಹೋಗಬೇಕು ಅನ್ನೋ ಆಸೆಯೂ ಅದರ ಪಕ್ಕದಲ್ಲೇ ಇರಬಾರದಾ?

ಕತಾರ್‌ನಲ್ಲಿ ಅಣ್ಣ ಘಾನಾಕ್ಕೆ, ತಮ್ಮ ಸ್ಪೇನಿಗೆ ಆಡಿದರು. ಪೋರ್ಚುಗಲ್ ವಿರುದ್ಧ ಘಾನಾ 2–3 ಹಿಂದಿತ್ತು, ಕೊನೆಯ ಕ್ಷಣ. ಪೋರ್ಚುಗಲ್ ಗೋಲ್‌ಕೀಪರ್ ಚೆಂಡನ್ನು ನೆಲಕ್ಕೆ ಇಟ್ಟ. ಹಿಂದೆಯೇ ಇನ್ಯಾಕಿ ಅಡಗಿ ನಿಂತಿದ್ದು ಅವನಿಗೆ ಗೊತ್ತಿಲ್ಲ. ಹಾರಿ ಬಂದ ಇನ್ಯಾಕಿ ಚೆಂಡಿಗೆ ಕಾಲು ಹಾಕುವಷ್ಟರಲ್ಲಿ ಜಾರಿದ. ಯೂಟ್ಯೂಬಲ್ಲಿ ಈಗಲೂ ಇದೆ, ನೋಡಿ. ನೋಡಿದರೆ ನಿಮ್ಮ ಕಾಲೂ ಜಾರಿದಂತಾಗುತ್ತೆ.

2024ರ ಜುಲೈ 14, ಯೂರೋ ಫೈನಲ್, ಸ್ಪೇನ್ ಮತ್ತು ಇಂಗ್ಲೆಂಡ್. ಜಾಗ ಬರ್ಲಿನ್‌ನ ಅದೇ ಒಲಿಂಪಿಯಾ ಕ್ರೀಡಾಂಗಣ, 14 ವರ್ಷದ ಹಿಂದೆ ಓಜಿಲ್‌ಗೆ ಸೀಟಿ ಹೊಡೆದ ಜಾಗ. 47ನೇ ನಿಮಿಷದಲ್ಲಿ ಬಲಗಡೆಯಿಂದ ಲಮೀನ್ ಯಮಾಲ್ ಚೆಂಡು ಕೊಟ್ಟ. ಮೊರಾಕೊದ ಅಪ್ಪ, ಈಕ್ವಟೋರಿಯಲ್ ಗಿನಿಯ ಅಮ್ಮನ ಮಗ, ಹಿಂದಿನ ದಿನವಷ್ಟೇ 17 ತುಂಬಿತ್ತು. ಮೊರಾಕೊ ಅವನನ್ನೂ ಕರೆದಿತ್ತು, ಅವನು ಸ್ಪೇನ್ ಅಂದ. ಗೋಲು ಹೊಡೆದಾಗ ಅವನು ಬೆರಳಲ್ಲಿ ತೋರಿಸೋದು ಮಾತ್ರ ಎರಡೂ ದೇಶಗಳನ್ನಲ್ಲ. ತಾನು ಬೆಳೆದ ರೊಕಫೊಂಡಾ ಅನ್ನೋ ಬಡ ಬಡಾವಣೆಯ ಪಿನ್ ಕೋಡಿನ ಕೊನೆಯ ಮೂರು ಅಂಕಿ, 304. ಅವನು ಕೊಟ್ಟ ಚೆಂಡನ್ನು ಎಡಗಡೆಯಿಂದ ಬಂದ ನಿಕೋ ವಿಲಿಯಮ್ಸ್ ಗೋಲಿಗೆ ಹೊಡೆದ. ಸ್ಪೇನ್ 2–1 ಗೆದ್ದಿತು.

ಅಣ್ಣ ತಮ್ಮ ಇಬ್ಬರೂ ಆಡೋದು ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿಗೆ. ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲಿ ಆಟ ಕಲಿತವರಿಗೆ ಮಾತ್ರ ಅಲ್ಲಿ ಜಾಗ, ಹೊರಗಿನವರನ್ನು ಸೇರಿಸಿಕೊಳ್ಳೋದೇ ಇಲ್ಲ. ಘಾನಾದಿಂದ ಮರುಭೂಮಿ ದಾಟಿ ಬಂದವರ ಮಕ್ಕಳು ಅಲ್ಲಿ ಪಕ್ಕಾ ಸ್ಥಳೀಯರು. ಅಂತಾರಾಷ್ಟ್ರೀಯ ಪಂದ್ಯಗಳ ಬಿಡುವು ಬಂದಾಗ ಒಬ್ಬ ಸ್ಪೇನ್ ತಂಡದ ಕ್ಯಾಂಪಿಗೆ, ಇನ್ನೊಬ್ಬ ಘಾನಾ ತಂಡದ ಕ್ಯಾಂಪಿಗೆ ಹೊರಡುತ್ತಾರೆ. ಎರಡು ವಾರ ಕಳೆದ ಮೇಲೆ ಇಬ್ಬರೂ ವಾಪಸ್ ಬಿಲ್ಬಾವೊಗೆ, ಒಂದೇ ಕೆಂಪು ಬಿಳಿ ಪಟ್ಟೆಯ ಜೆರ್ಸಿಗೆ.